ಒಂಬತ್ತು ಭಾಗ ಮುಚ್ಚಿದ ಗೇಟು

ರೈಲ್ವೆ ಗೇಟಿನವನನ್ನು ಆ ಕಡೆ ಎಲ್ಲರೂ 'ಹೂಂ' ಎಂದೇ ಕರೆಯುತ್ತಿದ್ದರು. ಅದು ಅವನ ಹೆಸರಲ್ಲ, ಅವನ ಉತ್ತರ. ಊಟ ಆಯಿತೇ ಎಂದರೆ ಹೂಂ. ಗಾಡಿ ತಡವೇ ಎಂದರೆ ಹೂಂ. ಹೆಣ್ಣು ನೋಡಲು ಹೋದಾಗ ಹುಡುಗಿ ಒಪ್ಪಿಗೆಯೇ ಎಂದು ಕೇಳಿದರೆ ಆಗಲೂ ಹೂಂ ಎಂದಿದ್ದ. ಅವನ ಅತ್ತೆ ಅದನ್ನು ಇನ್ನೂ ಮರೆತಿರಲಿಲ್ಲ. ಬಂದವರ ಮುಂದೆಲ್ಲ ಹೇಳುತ್ತಿದ್ದರು:

"ನಮ್ಮ ಹುಡುಗಿಗೆ ಒಂದಕ್ಷರದ ಗಂಡ ಸಿಕ್ಕಿದಾನಮ್ಮ. ಜಗಳ ಆಡೋಣ ಅಂದ್ರೂ ಆಚೆ ಕಡೆಯಿಂದ ಸಾಮಾನು ಬರಲ್ಲ."

ಈ ಅತ್ತೆ ಮಗಳ ಮನೆಗೆ ಒಂದು ವಾರ ಇದ್ದು ಹೋಗಲು ಬಂದವರು. ಎಷ್ಟೋ ವರ್ಷ ಕಳೆದಿತ್ತು, ಆ ವಾರ ಮುಗಿದಿರಲಿಲ್ಲ.

ಮನೆ ಅಂದರೆ ಸರ್ಕಾರದ ಎರಡು ಕೋಣೆ. ಮುಂದೆ ಗೇಟಿನ ಕೋಣೆ, ಅದರ ಮುಂದೆ ಹಳಿ, ಹಳಿಯನ್ನು ಅಡ್ಡ ದಾಟಿ ಹೋಗುವ ರಸ್ತೆ. ಗಾಡಿ ಹೋದಾಗಲೆಲ್ಲ ಅಡುಗೆಮನೆಯ ಡಬ್ಬಿಗಳು ಹಲಗೆಯ ಮೇಲೆ ಒಂದಿಷ್ಟು ಮುಂದಕ್ಕೆ ಸರಿಯುತ್ತಿದ್ದವು. ಸಂಜೆ ಹೆಂಡತಿ ಅವನ್ನೆಲ್ಲ ಗೋಡೆಗೆ ತಳ್ಳುತ್ತಿದ್ದಳು. ಹೊಸದಾಗಿ ಮದುವೆಯಾದಾಗ ಅವಳಿಗೆ ಇದು ದೆವ್ವದ ಕಾಟವೆಂದು ಅನ್ನಿಸಿತ್ತು. ಈಗ ಡಬ್ಬಿ ಸರಿಯದಿದ್ದರೆ ಗಾಡಿಗೆ ಏನಾಯಿತೋ ಎಂದು ಹೊರಗೆ ಬಂದು ನೋಡುತ್ತಿದ್ದಳು.

ಕೆಲಸ ಇಷ್ಟೇ. ಗೇಟಿನ ಕೋಣೆಯ ಫೋನು ಬಡಿದುಕೊಳ್ಳುತ್ತದೆ. ಆಚೆಯಿಂದ ಸ್ಟೇಷನ್ ಮಾಸ್ತರರು ಗಾಡಿ ಬಿಡುತ್ತೇನೆ, ಗೇಟು ಹಾಕು ಎನ್ನುತ್ತಾರೆ. ಇವನು ಹಿಡಿಕೆ ತಿರುಗಿಸುತ್ತಾನೆ. ರಸ್ತೆಯ ಎರಡೂ ಕಡೆ ಆಕಾಶ ನೋಡುತ್ತ ನಿಂತಿದ್ದ ಕೆಂಪು ಬಿಳಿ ಪಟ್ಟೆಯ ಕೋಲುಗಳು ಮೆಲ್ಲಗೆ ಇಳಿದು ಅಡ್ಡ ಮಲಗುತ್ತವೆ. ಆಮೇಲೆ ಮಾಸ್ತರರು ಒಂದೇ ಪ್ರಶ್ನೆ ಕೇಳುತ್ತಾರೆ. "ಮುಚ್ಚಿದೆಯಾ?" ಇವನು ಹೊರಗೆ ಹೋಗಿ ಎರಡೂ ಕೋಲು ನೋಡಿ ಬಂದು ಹೂಂ ಎನ್ನುತ್ತಾನೆ. ಆ ಹೂಂ ಕೇಳಿದ ಮೇಲೇ ಸಿಗ್ನಲ್ ಇಳಿಯುವುದು. ಊರಿನಲ್ಲಿ ಬೇರೆ ಯಾರ ಹೂಂಗೂ ಅಷ್ಟು ತೂಕವಿರಲಿಲ್ಲ. ಒಂದು ಗಾಡಿ ಜನ ಅದರ ಮೇಲೆ ಕೂತು ಹೋಗುತ್ತಿದ್ದರು.

ಅವನು ಕೆಲಸಕ್ಕೆ ಸೇರಿದ ದಿನ ಹಳೆಯ ಗೇಟಿನವನು ಕೀಲಿ ಕೊಟ್ಟು, ಕೋಣೆಯ ಮೊಳೆಗೆ ನೇತುಹಾಕಿದ್ದ ಒಂಟಿ ಚಪ್ಪಲಿ ತೋರಿಸಿದ್ದ. ಎಡಗಾಲಿನದು, ಹೆಂಗಸಿನದು. "ಇದು ನನ್ನ ಕಾಲದ್ದು," ಎಂದಿದ್ದ ಮುದುಕ. "ಕೋಲು ಪೂರ್ತಿ ಇಳಿಯೋಕೆ ಮುಂಚೆ ಮುಚ್ಚಿದೆ ಅಂದ್ಬಿಟ್ಟೆ. ನಿನ್ನ ಕಾಲದ್ದು ಇದರ ಪಕ್ಕದಲ್ಲಿ ಬರದಂಗೆ ನೋಡ್ಕೊಳಪ್ಪ." ಅಂದಿನಿಂದ ಹೂಂ ಮುಚ್ಚದ ಗೇಟಿಗೆ ಹೂಂ ಎಂದಿರಲಿಲ್ಲ. ಅವನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ. ಅದನ್ನೂ ಅವನು ಯಾರಿಗೂ ಹೇಳಿಕೊಂಡಿರಲಿಲ್ಲ.

ಹೀಗಿರುವಾಗ ಸರ್ಕಾರದ ಕೈ ಬಿಗಿಯಾಯಿತು. ಎಲ್ಲಿ ತೂತು ಬಿದ್ದಿದೆ ಎಂದು ಹುಡುಕಲು ಹೊತ್ತು ಬೇಕು, ಹುಡುಕುವವರು ಬೇಕು. ಅದಕ್ಕಿಂತ ಸುಲಭದ ದಾರಿ ಮೇಲಿನವರಿಗೆ ಹೊಳೆಯಿತು. ಎಲ್ಲ ಇಲಾಖೆಗೂ, ಇಲಾಖೆಯ ಎಲ್ಲ ವಸ್ತುವಿಗೂ, ಹತ್ತರಲ್ಲಿ ಒಂದು ಭಾಗ ಕಡಿತ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ರೇಡಿಯೋದಲ್ಲಿ ಅದನ್ನು ಕೇಳಿ ಹೆಂಡತಿಗೆ ಸರಿಯೆನ್ನಿಸಿತು.

"ಎಲ್ಲರಿಗೂ ಸಮ ಅಂದ್ರೆ ನ್ಯಾಯ ತಾನೇ ಅಮ್ಮಾ?"

ಅತ್ತೆ ಕಾಲು ನೀವಿಕೊಳ್ಳುತ್ತ ಹೇಳಿದರು: "ಸಮ ಸರಿ ಕಣೇ. ಆನೆ ಹೊಟ್ಟೇಲಿ ಒಂದು ಪಾಲು ಕೊಯ್ದ್ರೆ ಆನೆ ತೆಳ್ಳಗಾಗತ್ತೆ. ಇರುವೆ ಹೊಟ್ಟೇಲಿ ಒಂದು ಪಾಲು ಕೊಯ್ದ್ರೆ ಇರುವೆ ಎಲ್ಲಿರತ್ತೆ?"

"ನಿನ್ನದೊಂದು ಕೊಂಕು."

"ಏನ್ರೀ ಅಳಿಯಂದ್ರೇ, ನಾನಂದಿದ್ದು ಸರಿಯಲ್ವಾ?"

"ಹೂಂ," ಎಂದ ಹೂಂ. ಹೆಂಡತಿ ದುರುಗುಟ್ಟಿದಳು. ಅವಳ ಕಡೆ ತಿರುಗಿ ಇನ್ನೊಂದು ಹೂಂ ಎಂದ.

ಕಡಿತ ಬಂದೇ ಬಂತು. ಉದ್ಘಾಟನೆ ಮಾಡಿಸುವ ಕಚೇರಿಯೊಂದಿತ್ತು. ಅಲ್ಲಿ ಕತ್ತರಿ ಹಿಡಿಯಲು ಒಬ್ಬ, ಕತ್ತರಿ ಇಡುವ ತಟ್ಟೆ ಹಿಡಿಯಲು ಒಬ್ಬ, ತಟ್ಟೆಯ ಮೇಲಿನ ಬಟ್ಟೆ ಸರಿಸಲು ಒಬ್ಬ, ಹೀಗೆ ಹತ್ತು ಜನ. ಒಬ್ಬನನ್ನು ತೆಗೆದರು. ಯಾರನ್ನು ತೆಗೆದರೆಂದು ಉಳಿದ ಒಂಬತ್ತು ಜನಕ್ಕೂ ತಿಳಿಯಲಿಲ್ಲ. ಶಾಲೆಯಲ್ಲಿ ಹತ್ತರವರೆಗೆ ಇದ್ದ ಮಗ್ಗಿ ಒಂಬತ್ತಕ್ಕೆ ನಿಂತಿತು. ಸರ್ಕಾರಿ ಗ್ರಂಥಾಲಯದಲ್ಲಿ ಪ್ರತಿ ಪುಸ್ತಕದ ಹತ್ತನೇ ಒಂದು ಪಾಲು ಹರಿದು ತೆಗೆದರು; ಹಿಂದಿನಿಂದ ಹರಿಯುವುದು ಸುಲಭವಾದ್ದರಿಂದ ಹಿಂದಿನಿಂದಲೇ ಹರಿದರು. ಪತ್ತೇದಾರಿ ಕಾದಂಬರಿ ಓದುವವರು ಸಂಜೆ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು, ಕೊಲೆ ಮಾಡಿದವರು ಯಾರಿರಬಹುದೆಂದು ತಮ್ಮತಮ್ಮಲ್ಲೇ ಬಡಿದಾಡಿಕೊಳ್ಳತೊಡಗಿದರು.

ಒಂದು ಬೆಳಿಗ್ಗೆ ಗೇಟಿಗೂ ಸಾಹೇಬರು ಬಂದರು. ಜನ ಅವರನ್ನು ಅಳತೆ ಸಾಹೇಬರು ಎನ್ನುತ್ತಿದ್ದರು. ಕೈಯಲ್ಲಿ ಟೇಪು, ಕಂಕುಳಲ್ಲಿ ಗರಗಸ. ಬೆವರಿನಿಂದ ಅಂಗಿ ಮೈಗೆ ಅಂಟಿತ್ತು.

"ಜೀಪು ಇಲ್ವಾ ಸಾರ್?" ಎಂದಳು ಹೆಂಡತಿ, ನೀರು ಕೊಡುತ್ತ.

"ಇದೆಯಮ್ಮ. ಪೆಟ್ರೋಲಿಗೂ ಕಡಿತ. ಒಂಬತ್ತು ಭಾಗ ದಾರಿ ಬಂದು ನಿಂತ್ಕೊಳ್ತು. ಉಳಿದಿದ್ದು ನಡ್ಕೊಂಡು ಬಂದೆ." ನೀರು ಕುಡಿದು ತಳದಲ್ಲಿ ಸ್ವಲ್ಪ ಉಳಿಸಿ ಲೋಟ ಕೆಳಗಿಟ್ಟರು. ಪಾಪ, ಅಭ್ಯಾಸವಾಗಿಬಿಟ್ಟಿತ್ತು.

ಮೊದಲು ಬಾವುಟ. ಕೆಂಪಿನದು, ಹಸಿರಿನದು, ಎರಡರ ಅಂಚನ್ನೂ ಕತ್ತರಿಸಿದರು. ಬಾವುಟಕ್ಕೇನೂ ಆಗಲಿಲ್ಲ, ಇನ್ನೂ ಚೆನ್ನಾಗಿ ಹಾರಿತು. ಆಮೇಲೆ ಕೋಣೆಯ ಮುಂದಿನ ಬೆಂಚು. ಅದರ ಒಂದು ತುದಿ ಕೊಯ್ದರು. ಆಮೇಲೆ ಸಾಹೇಬರ ಕಣ್ಣು ಗೇಟಿನ ಕೋಲಿನ ಮೇಲೆ ಬಿತ್ತು.

ಹೂಂ ಅಡ್ಡ ಬಂದು ನಿಂತ. ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಬೆಂಚು ಪೂರ್ತಿ ತಗೊಳ್ಳಿ ಸಾರ್."

"ಏನು?"

"ಬೆಂಚು. ಬಾವುಟದಲ್ಲಿ ಇನ್ನೂ ಸ್ವಲ್ಪ ತಗೊಳ್ಳಿ. ಕುರ್ಚಿ ಇದೆ, ಅದನ್ನೂ ತಗೊಳ್ಳಿ. ಕೋಲು ಮಾತ್ರ ಬಿಡಿ."

ಅತ್ತೆ ಬಾಗಿಲಿಗೆ ಬಂದು ನಿಂತರು. ಅಳಿಯ ಅಷ್ಟು ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ.

"ಹಾಗಾಗಲ್ಲಪ್ಪ," ಎಂದರು ಸಾಹೇಬರು. ಕೆಟ್ಟ ಮನುಷ್ಯರಲ್ಲ, ಮೆತ್ತಗೇ ಹೇಳಿದರು. "ಬೆಂಚಿನಿಂದ ಬೆಂಚಿನ ಪಾಲು, ಕೋಲಿನಿಂದ ಕೋಲಿನ ಪಾಲು. ಅದರದ್ದು ಇದಕ್ಕೆ ಹಾಕೋ ಹಂಗಿಲ್ಲ. ಒಬ್ಬೊಬ್ಬರಿಗೆ ಒಂದೊಂದು ನ್ಯಾಯ ಮಾಡಿದ್ರೆ ನಾಳೆ ಎಲ್ಲರೂ ಬರ್ತಾರೆ. ಕೋಲು ಇಪ್ಪತ್ತಡಿ. ಕೊಯ್ದ ಮೇಲೆ ಹದಿನೆಂಟು ಬರಬೇಕು. ನಡಿ."

ಎರಡಡಿ ಕೊಯ್ದರು. ತುಂಡು ದಡ್ಡನೆ ರಸ್ತೆಗೆ ಬಿತ್ತು. ಸಾಹೇಬರು ಟೇಪು ಹಿಡಿದು ಅಳೆದರು. ಮುಖ ಸಪ್ಪಗಾಯಿತು.

"ಇನ್ನೂ ಇಪ್ಪತ್ತೇ ತೋರಿಸ್ತಿದೆ."

ಎಲ್ಲರೂ ಬಗ್ಗಿ ನೋಡಿದರು. ಹೌದು, ಇಪ್ಪತ್ತು. ಆಮೇಲೆ ಹೆಂಡತಿ ಟೇಪಿನ ಆ ತುದಿ ನೋಡಿದಳು. ಅಲ್ಲಿ ಸೊನ್ನೆ ಇರಲಿಲ್ಲ, ಒಂದು ಇರಲಿಲ್ಲ. ಟೇಪು ಎರಡರಿಂದ ಶುರುವಾಗುತ್ತಿತ್ತು.

"ಸಾರ್, ನಿಮ್ಮ ಟೇಪಿನ ತಲೆ ಎಲ್ಲಿ?"

"ಟೇಪೂ ಇಲಾಖೆಯದೇ ಅಲ್ವೇನಮ್ಮ," ಎಂದರು ಸಾಹೇಬರು ಬೇಸರದಿಂದ. "ಅದಕ್ಕೂ ಕಡಿತ. ಆ ತುದೀಲಿ ಡಬ್ಬಿ ಇದೆ, ಕೊಯ್ಯಕ್ಕೆ ಬರಲ್ಲ. ಹಂಗಾಗಿ ಈ ತುದೀಲಿ ಕೊಯ್ದ್ರು."

"ಹಂಗಾದ್ರೆ ಇದು ಹದಿನೆಂಟೇ. ಗೊತ್ತಾಗ್ತಿದೆಯಲ್ಲ ಕಣ್ಣಿಗೆ!"

"ನಂಗೂ ಗೊತ್ತಾಗತ್ತೆ ತಾಯಿ. ಆದರೆ ನನ್ನ ಕಣ್ಣು ಇಲಾಖೆದಲ್ಲ, ಟೇಪು ಇಲಾಖೆದು."

ಮತ್ತೆ ಎರಡಡಿ ಕೊಯ್ದರು. ಟೇಪು ಹದಿನೆಂಟು ತೋರಿಸಿತು. ಸಾಹೇಬರಿಗೆ ಉಸಿರು ಬಂತು. ಆಚೆ ಕಡೆಯ ಕೋಲಿಗೂ ಕೈ ಹಾಕುವವರಿದ್ದರು. ಅಷ್ಟರಲ್ಲಿ ಗರಗಸ ಮುಷ್ಕರ ಹೂಡಿತು. ಅದರ ಹಲ್ಲಿನಲ್ಲೂ ಹತ್ತರಲ್ಲೊಂದು ಕಿತ್ತಿದ್ದರು. ಆಚೆಯ ಕೋಲು ಪೂರ್ತಿ ಉಳಿಯಿತು. ಸಾಹೇಬರು ತುಂಡುಗಳೆರಡನ್ನೂ ಮಗುವಿನಂತೆ ಹೆಗಲ ಮೇಲೆ ಹಾಕಿಕೊಂಡು ಹೊರಟರು. ಅವು ಉಳಿತಾಯವಂತೆ. ಅವನ್ನು ಇಡಲು ನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರಂತೆ, ಕಾಯಲು ಇಬ್ಬರು ಕಾವಲುಗಾರರಂತೆ. ಹಾವು ಸಾಯಲಿಲ್ಲ, ಕೋಲು ಮುರಿಯಿತು.

ಸ್ವಲ್ಪ ಹೊತ್ತಿಗೇ ಫೋನು ಬಡಿದುಕೊಂಡಿತು. ಹೂಂ ಹಿಡಿಕೆ ತಿರುಗಿಸಿದ. ಆಚೆಯ ಕೋಲು ಇಳಿದು ರಸ್ತೆಯನ್ನು ಪೂರ್ತಿ ಮುಚ್ಚಿತು. ಈಚೆಯದು ಇಳಿದು, ಹೇಳಬೇಕಾದ ಮಾತನ್ನು ಅರ್ಧಕ್ಕೆ ನುಂಗಿದವನ ಹಾಗೆ ನಿಂತಿತು. ಅದರ ತುದಿಯಿಂದ ರಸ್ತೆಯ ಅಂಚಿನವರೆಗೆ ಒಂದು ಮೋಟಾರ್ ಬೈಕು ಆರಾಮವಾಗಿ ಹೋಗುವಷ್ಟು ಜಾಗ. ಹೋದರೆ ಆಚೆಯ ಕೋಲು ತಡೆಯುತ್ತದೆ. ಹೋದವನು ಹಳಿಯ ಮೇಲೇ ನಿಲ್ಲಬೇಕು.

"ಮುಚ್ಚಿದೆಯಾ?" ಎಂದರು ಮಾಸ್ತರರು.

ಹೂಂ ಫೋನು ಕಿವಿಗೆ ಹಿಡಿದೇ ಬಗ್ಗಿ ಹೊರಗಿನ ಕೋಲು ನೋಡಿದ.

"ಏಯ್ ಹೂಂ, ಹೂಂ ಅನ್ನಪ್ಪ. ಗಾಡಿ ನಿಂತಿದೆ."

"ಟೇಪಿನ ಲೆಕ್ಕದಲ್ಲಿ ಒಂಬತ್ತು ಭಾಗ ಮುಚ್ಚಿದೆ. ಕಣ್ಣಿಗೆ ಎಂಟು."

ಮಾಸ್ತರರಿಗೆ ಗಾಬರಿಯಾಯಿತು. "ಯಾರಪ್ಪ ಮಾತಾಡ್ತಿರೋದು? ಹೂಂ ಎಲ್ಲಿ?"

"ನಾನೇ."

"ಒಂಬತ್ತು ಎಂಟು ಎಲ್ಲ ನಂಗೆ ಬೇಡ ಮಾರಾಯ. ಮುಚ್ಚಿದೆ ಅನ್ನು, ಇಲ್ಲ ಅನ್ನು. ಎರಡೇ ಇರೋದು."

ಅತ್ತೆ ಇದನ್ನೆಲ್ಲ ಕೇಳುತ್ತಿದ್ದರು. ಒಳಗೆ ಹೋದರು. ಮನೆಯ ಕುರ್ಚಿಯನ್ನು ದರದರನೆ ಎಳೆದುಕೊಂಡು ಬಂದು ಕೋಲಿನ ತುದಿಗೂ ರಸ್ತೆಯ ಅಂಚಿಗೂ ನಡುವೆ ಇಟ್ಟರು. ಕೂತರು. ಸೆರಗು ಸರಿಮಾಡಿಕೊಂಡರು. ಛತ್ರಿ ಬಿಚ್ಚಿ ಪಕ್ಕಕ್ಕೆ ಹಿಡಿದರು. ಅತ್ತೆ ದಪ್ಪ ಅಲ್ಲ. ಆದರೆ ಅವರು ಕೂತ ಕಡೆ ಬೇರೆಯವರಿಗೆ ಜಾಗವಿರುತ್ತಿರಲಿಲ್ಲ.

"ಈಗ ಅನ್ನಿ ನಿಮ್ಮ ಹೂಂ," ಎಂದು ಕೂಗಿದರು.

ಹೂಂ ಹೊರಗೆ ಬಂದು ನೋಡಿದ. ಸೊಳ್ಳೆ ಹೋಗುವಷ್ಟೂ ಸಂದಿಯಿರಲಿಲ್ಲ. ಹೋಗಿ ಫೋನಿನಲ್ಲಿ ಹೂಂ ಎಂದ.

ಅಂದಿನಿಂದ ಅತ್ತೆ ಗೇಟಿನ ಭಾಗವಾದರು. ಫೋನು ಬಡಿದುಕೊಂಡರೆ ಸಾಕು, ಅಳಿಯ ಹಿಡಿಕೆಗೆ, ಅತ್ತೆ ಕುರ್ಚಿಗೆ. ಅವರು ಸ್ನಾನಕ್ಕೆ ಹೋದಾಗ ಮಗಳು ಕೂರುತ್ತಿದ್ದಳು. ಹಾಲಿನವನೊಬ್ಬನಿದ್ದ, ಗಾಡಿ ಕಣ್ಣಿಗೆ ಕಾಣುತ್ತಿದ್ದರೂ ನುಗ್ಗುವ ಜಾತಿ. ಬೈಕಿನ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ಬಂದು ಅತ್ತೆಯ ಮೊಣಕಾಲಿನ ಮುಂದೆ ಬ್ರೇಕು ಹಾಕಿದ.

"ಸ್ವಲ್ಪ ಜರುಗಮ್ಮ, ಹಾಲು ಕೆಟ್ಟೋಗತ್ತೆ."

"ಹಾಲು ಕೆಟ್ಟರೆ ಮೊಸರಾಗತ್ತೆ. ನೀನು ಕೆಟ್ಟರೆ ಏನಾಗ್ತೀಯೋ?"

"ಗಾಡಿ ಇನ್ನೂ ದೂರ ಇದೆ ಅಜ್ಜಿ!"

"ಯಾರೋ ಅಜ್ಜಿ? ನಾನು ಗೇಟು. ಗೇಟಿನ ಹತ್ತಿರ ಯಾರಾದ್ರೂ ಮಾತಾಡ್ತಾರೇನೋ?"

ಅವನು ಬೈಕು ಆರಿಸಿ ನಿಂತ. ಅತ್ತೆಯ ಮಾತಿನ ಅಡಿ ಸಿಕ್ಕವರು ಕೋಲಿನ ಅಡಿ ಸಿಕ್ಕವರಿಗಿಂತ ಗಟ್ಟಿಯಾಗಿ ನಿಲ್ಲುತ್ತಿದ್ದರು. ಗಾಡಿ ಹೋಗುವಾಗ ಅತ್ತೆಯ ಛತ್ರಿ ಗಾಳಿಗೆ ಉಬ್ಬಿ ಕುರ್ಚಿ ಅಲುಗಾಡುತ್ತಿತ್ತು. ಹಸಿರು ಬಾವುಟ ಹಿಡಿದು ನಿಂತ ಹೂಂ ಗಾಡಿ ನೋಡುವುದು ಬಿಟ್ಟು ಕುರ್ಚಿಯ ಕಾಲು ನೋಡುತ್ತಿದ್ದ. ಮೊಳೆಯ ಮೇಲಿನ ಚಪ್ಪಲಿ ಕಣ್ಣ ಮುಂದೆ ಬರುತ್ತಿತ್ತು.

"ಬೇಡ ಅತ್ತೆ," ಎಂದ ಒಂದು ದಿನ.

"ಏನು ಬೇಡ?"

"ಕೂರೋದು."

"ನೀವು ಮುಚ್ಚಿದೆ ಅಂತ ಸುಳ್ಳು ಹೇಳ್ತೀರಾ?"

"ಉಹೂಂ."

"ಮತ್ತೆ? ಹೋಗಿ, ಕೆಲಸ ನೋಡಿ."

ಆ ವಾರ ಅಳಿಯನಿಗೂ ಅತ್ತೆಗೂ ಆದಷ್ಟು ಮಾತುಕತೆ ಅಷ್ಟು ವರ್ಷದಲ್ಲಿ ಆಗಿರಲಿಲ್ಲ.

ಅಳತೆ ಸಾಹೇಬರು ತಪಾಸಣೆಗೆ ಮತ್ತೆ ಬಂದರು. ಗೇಟು ಹಾಕಿತ್ತು, ಅತ್ತೆ ಕೂತಿದ್ದರು. ಸಾಹೇಬರು ಕೋಲನ್ನೂ ಕುರ್ಚಿಯನ್ನೂ ಸೇರಿಸಿ ಟೇಪು ಎಳೆದರು. ಟೇಪು ಮುಗಿದೇ ಹೋಯಿತು.

"ಇದೇನಿದು? ಗೇಟು ಪೂರ್ತಿ ಮುಚ್ಚಿದೆಯಲ್ಲ!"

"ಹೂಂ," ಎಂದ ಹೂಂ, ಸ್ವಲ್ಪ ಹೆಮ್ಮೆಯಿಂದಲೇ.

"ಹೂಂ ಅಲ್ಲಪ್ಪ! ಪೂರ್ತಿ ಮುಚ್ಚಿದ್ರೆ ಕಡಿತ ಆಗಿಲ್ಲ ಅಂತಾಯ್ತು. ಹತ್ತರಲ್ಲಿ ಒಂದು ಮುಚ್ಚಬಾರದು. ಇವರನ್ನ ಕಡಿಮೆ ಮಾಡಬೇಕು."

ಅತ್ತೆ ಛತ್ರಿ ಮಡಚಿದರು. "ನನ್ನನ್ನಾ? ಮಾಡಪ್ಪ. ಎಲ್ಲಿಂದ ಶುರು ಮಾಡ್ತೀಯ? ತಲೆಯಿಂದಲೋ, ಕಾಲಿನಿಂದಲೋ? ನಿನ್ನ ಟೇಪಿಗೇ ತಲೆ ಇಲ್ಲ, ನನ್ನದು ಬೇಕಾ?"

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಬೆಂಚಿನ ಮೇಲೆ ಕೂತು ತುಂಬ ಹೊತ್ತು ಯೋಚಿಸಿದರು. ಆಮೇಲೆ ದಾರಿ ಕಂಡವರ ಹಾಗೆ ಎದ್ದರು.

"ಹತ್ತು ಗಾಡೀಲಿ ಒಂಬತ್ತಕ್ಕೆ ಕೂತ್ಕೊಳ್ಳಿ. ಹತ್ತನೇದಕ್ಕೆ ಕೂರಬೇಡಿ. ಮಗಳೂ ಕೂರೋ ಹಂಗಿಲ್ಲ. ಅಲ್ಲಿಗೆ ಕಡಿತ ಸರಿಹೋಯ್ತು."

"ಹತ್ತನೇ ಗಾಡಿ ಬಂದಾಗ ಯಾರಾದ್ರೂ ನುಗ್ಗಿದ್ರೆ?" ಎಂದಳು ಹೆಂಡತಿ.

"ಒಂಬತ್ತು ಸಲ ನುಗ್ಗಿಲ್ವಲ್ಲಮ್ಮ. ಅದನ್ನ ನೋಡು. ಇದಕ್ಕೂ ಒಪ್ಪಲ್ಲ ಅಂದ್ರೆ ಕೋಲನ್ನೇ ಮತ್ತೆ ಕೊಯ್ಯಬೇಕಾಗತ್ತೆ. ಗರಗಸ ರಿಪೇರಿ ಮಾಡಿಸಿದೀನಿ."

ಹೂಂ ಕೋಲನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದ. ಕೋಲು ಹೋದರೆ ಅತ್ತೆಯೊಬ್ಬರು ಸಾಲುವುದಿಲ್ಲ, ಬೀಗರ ಮನೆಯವರನ್ನೆಲ್ಲ ಕರೆಸಬೇಕಾಗುತ್ತದೆ. ಅವನು ಕೋಣೆಗೆ ಹೋಗಿ ಫೋನಿನ ಮುಂದೆ ಕೂತ.

ಹತ್ತನೆಯ ಗಾಡಿ ಮರುದಿನ ಮಧ್ಯಾಹ್ನದ ಪ್ಯಾಸೆಂಜರು. ಅತ್ತೆ ಕೂರುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಲು ಅಳತೆ ಸಾಹೇಬರೂ ಬಂದು ನಿಂತಿದ್ದರು. ಅತ್ತೆ ಬಾಗಿಲಲ್ಲಿ ನಿಂತು ಅಳಿಯನ ಬೆನ್ನು ನೋಡುತ್ತಿದ್ದರು. ಹೂಂ ಹಿಡಿಕೆ ತಿರುಗಿಸಿದ. ಕೋಲು ಇಳಿಯಿತು. ಸಂದಿ ಬಾಯಿ ತೆರೆದುಕೊಂಡು ಕೂತಿತು.

"ಮುಚ್ಚಿದೆಯಾ?"

ಹೂಂ ಹೊರಗೆ ಹೋಗಿ ನೋಡಿ ಬಂದ. ಫೋನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೆಲಸ ಹೋಗಬಹುದು. ಎರಡು ಕೋಣೆಯ ಮನೆಯೂ ಅದರ ಜೊತೆ ಹೋಗುತ್ತದೆ.

"ಉಹೂಂ," ಎಂದ.

ಆ ಕಡೆ ಏನೋ ಬಿದ್ದ ಸದ್ದಾಯಿತು. ಮಾಸ್ತರರು ಕುರ್ಚಿಯಿಂದಲೇ ಬಿದ್ದರೆಂದು ಆಮೇಲೆ ತಿಳಿಯಿತು.

ಗಾಡಿ ಬಂದು ಸಿಗ್ನಲಿನ ಬುಡದಲ್ಲಿ, ಗೇಟಿನಿಂದ ಕೂಗಳತೆಯಲ್ಲಿ ನಿಂತಿತು. ಹಾರ್ನು ಹೊಡೆಯಿತು. ಹೂಂ ಕೆಂಪು ಬಾವುಟ ಹಿಡಿದು ಹಳಿಯ ಪಕ್ಕ ನಿಂತ. ಹೊಡೆದೂ ಹೊಡೆದೂ ಹಾರ್ನಿಗೆ ಸುಸ್ತಾಯಿತು. ಜನ ಒಬ್ಬೊಬ್ಬರೇ ಇಳಿದು ಬಂದರು. ಯಾಕೆ ನಿಂತಿತೆಂದು ಕೇಳಿದರು. ಹೂಂ ಕೋಲಿನ ತುದಿ ತೋರಿಸಿದ.

"ಇಷ್ಟೇನಾ? ಈ ಸಂದಿ ನಾವು ಮುಚ್ತೀವಿ ಬನ್ರೋ," ಎಂದು ಒಬ್ಬ ಕೂಗಿದ. ಎಲ್ಲರೂ ಬಂದರು. ಸಂದಿಯಲ್ಲಿ ಜಾತ್ರೆಯ ಹಾಗೆ ತುಂಬಿಕೊಂಡರು. ಹೂಂ ಫೋನಿನಲ್ಲಿ ಹೂಂ ಎಂದ, ಸಿಗ್ನಲ್ ಇಳಿಯಿತು, ಗಾಡಿ ಹೊರಟಿತು. ಆಗ ಜನಕ್ಕೆ ಹೊಳೆಯಿತು: ಗೇಟು ಮುಚ್ಚಿದೆ, ಆದರೆ ಮುಚ್ಚಿದವರು ಗಾಡಿಯೊಳಗಿಲ್ಲ.

"ಅಯ್ಯೋ ನನ್ನ ಪೆಟ್ಟಿಗೆ!"

"ನನ್ನ ಗಂಡ ಒಳಗೆ ಮಲಗಿದಾರ್ರೀ!"

ಎಲ್ಲರೂ ಗಾಡಿಯ ಕಡೆ ಓಡಿದರು. ಸಂದಿ ಖಾಲಿ. ಹೂಂ ಕೆಂಪು ಬಾವುಟ ಎತ್ತಿದ. ಗಾಡಿ ಮತ್ತೆ ನಿಂತಿತು. ಮಾಸ್ತರರು ಫೋನಿನಲ್ಲಿ ಅಳುವುದೊಂದು ಬಾಕಿ.

ಆಗ ಅಳತೆ ಸಾಹೇಬರು ಬೆಂಚಿನ ಮೇಲೆ ಹತ್ತಿ ನಿಂತರು. "ಗಲಾಟೆ ಬೇಡ! ಗೇಟಿನವರು ಕೂರಬಾರದು ಅಷ್ಟೇ, ಗಾಡಿಯವರು ಕೂರಬಹುದು. ಒಂದಷ್ಟು ಜನ ಇಲ್ಲೇ ಉಳಿದರೆ ಸಾಕು. ಎಲ್ಲ ಬೋಗಿಯಿಂದಲೂ, ಎಲ್ಲ ಕುಟುಂಬದಿಂದಲೂ ಹತ್ತರಲ್ಲಿ ಒಂದು ಭಾಗ ಇಳೀರಿ. ಎಲ್ಲರಿಗೂ ಸಮ!"

ಮಗು ಎತ್ತಿಕೊಂಡಿದ್ದವಳು ಕೇಳಿದಳು: "ನಾವು ಮೂರು ಜನ. ಹತ್ತನೇ ಒಂದು ಭಾಗ ಅಂದ್ರೆ ಮಗೂನ ಒಂದು ಕಾಲಾ ಸಾರ್?"

"ನಾನೊಬ್ಬಳೇ," ಎಂದಳು ಆಸ್ಪತ್ರೆಯ ನರ್ಸು. "ನನ್ನಲ್ಲಿ ಒಂದು ಕೈ ಬಿಟ್ಟು ಹೋಗ್ಲಾ? ಅಲ್ಲಿ ಎರಡು ಕೈ ಇದ್ರೇ ಸಾಲಲ್ಲ."

"ಇಂಜಿನ್ನಲ್ಲಿ ನಾವಿಬ್ರು," ಎಂದು ಡ್ರೈವರ್ ಕಿಟಕಿಯಿಂದ ಕೂಗಿದ. "ನಾನು ಎಷ್ಟು ಇಳೀಬೇಕು ಹೇಳಿ, ಇಳಿದು ಒಂದು ಬೀಡಿ ಸೇದ್ಕೊಂಡು ಬರ್ತೀನಿ."

ಸಾಹೇಬರು ನಿಜವಾಗಿಯೂ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಅತ್ತೆಗೆ ತಡೆಯಲಾಗಲಿಲ್ಲ.

"ಲೆಕ್ಕ ಆಮೇಲೆ ಹಾಕಪ್ಪ. ಮೊದಲು ಕೇಳೋದು ಕಲಿ. ಕೂರಬಾರದು ಅಂದೆ, ನಡೀಬಾರದು ಅಂದಿಲ್ವಲ್ಲ?" ಎಂದು ಛತ್ರಿ ಊರಿಕೊಂಡು ಗಾಡಿ ಹತ್ತಿದರು.

ಬೋಗಿಯಿಂದ ಬೋಗಿಗೆ ಹೋದರು. ಒಬ್ಬೊಬ್ಬರನ್ನೂ ಕೇಳಿದರು. ಎಲ್ಲಿಗಮ್ಮ? ಆಸ್ಪತ್ರೆಗೆ. ಕೂತ್ಕೋ. ನೀನೆಲ್ಲಿಗಪ್ಪ? ಪರೀಕ್ಷೆಗೆ. ಓದ್ಕೋ. ನೀವು? ಸೊಸೆ ನೋಡೋಕೆ. ಅವಳೇನು ಓಡಿ ಹೋಗ್ತಾಳಾ, ಆದರೂ ಇರಿ. ಹೀಗೆ ಮುಂದಿನ ಬೋಗಿಗೆ ಬಂದರೆ, ಅಲ್ಲಿ ಐದು ಜನ ಗಂಡಸರು ಬೂಟು ಹಾಕಿಕೊಂಡು ಕಾಲು ಚಾಚಿ ಕೂತಿದ್ದರು. ಐದೂ ಜನ ಸೇರಿ ಒಂದು ಸಣ್ಣ ಕವರು ಹಿಡಿದಿದ್ದರು.

"ಎಲ್ಲಿಗೆ ಹೊರಟ್ರಪ್ಪ?"

"ಸಭೆಗೆ," ಎಂದರು ನಡುವೆ ಕೂತ ದೊಡ್ಡವರು.

"ಏನು ಸಭೆ?"

"ಕಡಿತ ಚೆನ್ನಾಗಿ ನಡೆದಿದೆ ಅಂತ."

"ನೀವು ಹೋಗದಿದ್ರೆ ಏನಾಗತ್ತೆ?"

ಐದೂ ಜನ ಮುಖ ಮುಖ ನೋಡಿಕೊಂಡರು. ಈ ಪ್ರಶ್ನೆ ಅವರನ್ನು ಯಾರೂ ಕೇಳಿರಲಿಲ್ಲ. ಪ್ರಾಮಾಣಿಕವಾಗಿ ಯೋಚಿಸಿದರು.

"ಸಭೆ ಮುಂದಕ್ಕೆ ಹೋಗತ್ತೆ," ಎಂದರು ದೊಡ್ಡವರು ಕೊನೆಗೆ.

"ಎಂದಿಗೆ?"

"ಅದನ್ನ ಮುಂದಿನ ಸಭೇಲಿ ತೀರ್ಮಾನ ಮಾಡ್ತಾರೆ."

"ಇಳೀರಿ," ಎಂದರು ಅತ್ತೆ.

ಐದು ಜನ ಇಳಿದು ಬರುವುದನ್ನು ಕಂಡು ಅಳತೆ ಸಾಹೇಬರ ಮುಖ ಬಿಳಿಚಿಕೊಂಡಿತು. ನಡುವಿನವರು ಅವರ ಇಲಾಖೆಯ ದೊಡ್ಡ ಸಾಹೇಬರು. ಹತ್ತರಲ್ಲೊಂದು ಎಂಬ ಅಪ್ಪಣೆಗೆ ರುಜು ಹಾಕಿದ್ದ ಕೈ ಅದೇ. ಅಳತೆ ಸಾಹೇಬರು ಬೆಂಚಿನ ಹಿಂದೆ ಅಡಗಲು ನೋಡಿದರು. ಕೊಯ್ದ ಬೆಂಚು, ಅವರನ್ನು ಪೂರ್ತಿ ಮರೆಮಾಡಲಿಲ್ಲ.

ಅದೇ ಬೆಂಚನ್ನು ಹೂಂ ಎತ್ತಿ ತಂದು ಸಂದಿಯಲ್ಲಿಟ್ಟ. ಐದು ಜನ ಒಬ್ಬರ ತೊಡೆಗೆ ಒಬ್ಬರು ಒತ್ತಿಕೊಂಡು ಕೂತರು. ಹೂಂ ಸುತ್ತ ಬಂದು ನೋಡಿ, ಅಂಚಿನಲ್ಲಿದ್ದವರ ಮೊಣಕಾಲನ್ನು ಕೈಯಿಂದ ಸ್ವಲ್ಪ ಒಳಕ್ಕೆ ತಳ್ಳಿ, ಹೋಗಿ ಫೋನಿನಲ್ಲಿ ಹೂಂ ಎಂದ.

ಗಾಡಿ ಹೊರಟಿತು. ಒಳಗಿದ್ದವರು ಕಿಟಕಿಯಿಂದ ಅತ್ತೆಗೆ ಕೈ ಬೀಸಿದರು. ನೆಲ ನಡುಗಿತು, ಬೆಂಚು ನಡುಗಿತು, ಬೂಟುಗಳು ನಡುಗಿದವು. ಅಷ್ಟರಲ್ಲಿ ಹಿಂದಿನಿಂದ ಹಾಲಿನವನು ಬಂದ. ಇವತ್ತು ಅತ್ತೆ ಕೂರುವುದಿಲ್ಲ ಎಂಬ ಸುದ್ದಿ ಅವನಿಗೆ ತಲುಪಿತ್ತು. ಜೋರಾಗಿ ನುಗ್ಗಿದವನು ಬೆಂಚು ಕಂಡು ಬ್ರೇಕು ಒತ್ತಿದ. ಬೈಕು ಜಾರಿ ಬಂದು ಮುಂದಿನ ಚಕ್ರ ದೊಡ್ಡ ಸಾಹೇಬರ ಬೆನ್ನಿಗೆ ತಗುಲಿ ನಿಂತಿತು. ಒಂದು ಕ್ಯಾನು ಉರುಳಿ ಹಾಲು ಹಳಿಯ ಕಡೆ ಹರಿಯಿತು. ಗಾಡಿಯ ಚಕ್ರಗಳು ಅದರ ಮೇಲೇ ಹೋದವು.

ಗಾಡಿ ಹೋದ ಮೇಲೂ ಯಾರೂ ಏಳಲಿಲ್ಲ. ಹಾಲಿನವನು ಬ್ರೇಕು ಬಿಡದೆ ಬೈಕಿನ ಮೇಲೇ ಕೂತಿದ್ದ. ಹೂಂ ಹೋಗಿ ಅವನ ಭುಜ ಹಿಡಿದು ಇಳಿಸಿ, ಕೂರಿಸಿ, ನೀರು ಕೊಟ್ಟ.

ದೊಡ್ಡ ಸಾಹೇಬರು ತಿರುಗಿ ಕೇಳಿದರು. ದನಿ ಸಣ್ಣದಾಗಿತ್ತು. "ಇಲ್ಲಿ ಯಾರೂ ಕೂತಿಲ್ಲದಿದ್ರೆ?"

"ಹೋಗ್ತಿದ್ದ," ಎಂದ ಹೂಂ.

"ನೀನು ಇದನ್ನ ಮೊದಲೇ ಹೇಳಬೇಕಿತ್ತು."

"ಬೆಂಚು ತಗೊಳ್ಳಿ ಅಂದೆ ಸಾರ್. ಪೂರ್ತಿ ತಗೊಳ್ಳಿ ಅಂದೆ." ಹೂಂ ಮತ್ತೆ ಬಾಯಿ ತೆರೆದ. "ಕೊಯ್ಯಬೇಡಿ ಅನ್ನಲ್ಲ. ಕೊಯ್ಯೋಕೆ ಮುಂಚೆ ಬಂದು ನೋಡಿ. ಕೆಲವು ವಸ್ತು ಸ್ವಲ್ಪ ಕೊಯ್ದ್ರೆ ಸ್ವಲ್ಪ ಕಡಿಮೆ ಆಗತ್ತೆ. ಇದು ಸ್ವಲ್ಪ ಕೊಯ್ದ್ರೆ ಪೂರ್ತಿ ಹೋಗತ್ತೆ. ನನ್ನ ಹತ್ರ ಅರ್ಧ ಹೂಂ ಇಲ್ಲ ಸಾರ್."

ಅತ್ತೆ ಮಗಳ ಕಿವಿಯಲ್ಲಿ ಹೇಳಿದರು: "ಎಷ್ಟು ದಿನದಿಂದ ಕೂಡಿಟ್ಟಿದ್ರೋ, ಎಲ್ಲಾ ಒಂದೇ ದಿನ ಖರ್ಚು ಮಾಡ್ತಿದಾರಲ್ಲೇ."

ದೊಡ್ಡ ಸಾಹೇಬರು ಎದ್ದು ಕೋಣೆಗೆ ಹೋಗಿ ಫೋನು ತಿರುಗಿಸಿದರು. ಮೊಳೆಯ ಮೇಲಿನ ಚಪ್ಪಲಿ ನೋಡಿ ಇದು ಯಾರದು ಎಂದು ಕೈಸನ್ನೆಯಲ್ಲೇ ಕೇಳಿದರು. ಹೂಂ ಹೇಳಿದ. ಅವರು ಆ ಕಡೆ ಬೆನ್ನು ಮಾಡಿ ನಿಂತು ಮಾತಾಡಿದರು.

"ಗೇಟಿಗೆ ಒಂದು ಹೊಸ ಕೋಲು ಬೇಕು. ಪೂರ್ತಿ. ಇಲ್ಲ, ಹತ್ತರಲ್ಲೊಂದು ಬಿಟ್ಟು ಅಲ್ಲ, ಪೂರ್ತಿ. ಏನು? ಎಲ್ಲರಿಗೂ ಸಮ ಅಂತ ನಾನೇ ಹೇಳಿದ್ನಾ? ಹೇಳಿದ್ದೆ. ಈಗ ಬೇಡ ಅಂತಿದೀನಿ. ಒಂದೊಂದು ಕಡೆಗೂ ಒಬ್ಬೊಬ್ಬರು ಹೋಗಿ ನೋಡ್ಕೊಂಡು ಬಂದು ಆಮೇಲೆ ಮುಟ್ಟಲಿ. ಕಷ್ಟ ಆಗತ್ತೆ ಅಂದ್ರೆ ಆಗಲಿ. ನನ್ನ ಬೆನ್ನಿಗೆ ಆಗಿರೋದು ನಿಂಗೆ ಗೊತ್ತಿಲ್ಲ."

ಫೋನಿಟ್ಟು ಹೊರಗೆ ಬಂದರು. "ಕೋಲು ಬರತ್ತೆ. ಹತ್ತು ದಿನ ಬೇಕಂತೆ. ಕಡಿತ ಇರೋದ್ರಿಂದ ಒಂಬತ್ತೇ ದಿನಕ್ಕೆ ಬರತ್ತಂತೆ."

ಕಡಿತದಿಂದ ಆದ ಒಳ್ಳೆಯದು ಅದೊಂದೇ.

"ಅಲ್ಲೀತನಕ ಯಾರು ಕೂರೋದು?" ಎಂದರು ಅತ್ತೆ. "ನಂಗೂ ಬೆನ್ನು ಅಂತ ಒಂದಿದೆ."

ದೊಡ್ಡ ಸಾಹೇಬರು ಸುತ್ತ ನೋಡಿದರು. ಅಳತೆ ಸಾಹೇಬರು ಟೇಪನ್ನು ಜೇಬಿಗೆ ತುರುಕಿ ನೆಲ ನೋಡುತ್ತಿದ್ದರು. ಉಳಿದ ನಾಲ್ವರು ಬೆಂಚಿನ ಮೇಲೆ ಕೂತೇ ಸಭೆಯ ಕವರು ಬಿಚ್ಚಿ ಬೆವರಿಗೆ ಗಾಳಿ ಹಾಕಿಕೊಳ್ಳುತ್ತಿದ್ದರು. ಕೋಣೆಯೊಳಗೆ ಫೋನು ಬಡಿದುಕೊಂಡಿತು. ಹೂಂ ಹಿಡಿಕೆಯ ಕಡೆ ಹೊರಟವನು ಬಾಗಿಲಲ್ಲಿ ನಿಂತು ಅವರತ್ತ ನೋಡಿದ. ದೊಡ್ಡ ಸಾಹೇಬರು ಹೋಗಿ ಬೆಂಚಿನ ನಡುವೆ ಕೂತರು, ಅಳತೆ ಸಾಹೇಬರ ಕೈ ಹಿಡಿದು ಎಳೆದು ಅಂಚಿನಲ್ಲಿ ಕೂರಿಸಿಕೊಂಡರು, ಮತ್ತು ಆರೂ ಜನ, ಯಾರೂ ಹೇಳದೆಯೇ, ಮೊಣಕಾಲು ಒಳಕ್ಕೆ ಎಳೆದುಕೊಂಡರು.